ಶರ್ಟಿನ ಜೇಬಿನಲ್ಲಿ ಸಿಕ್ಕ ನುಡಿಗಟ್ಟು

ಇದು ಆಗದ ಕೆಲಸ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಗಂಗಣ್ಣನವರು. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ, ಬ್ಯಾಡರಹಳ್ಳಿಯ ನಮ್ಮ ವಠಾರದ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಇಂಗ್ಲಿಷಿನಲ್ಲಿ ಮೂವತ್ತೈದು ಎಂದು ಯಾರೋ ಓದಿ ಹೇಳಿದರು. ಮುಂದೆ ಡಿಗ್ರಿ ಓದುತ್ತೇನೆ ಎಂದು ನಾನು ಬಾಯಿಬಿಟ್ಟೆ. ದೊಡ್ಡಪ್ಪ ತಲೆ ಎತ್ತದೆ ತೀರ್ಪು ಕೊಟ್ಟರು: “ನಮ್ಮನೇಲಿ ಯಾರಿಗಾದ್ರೂ ಡಿಗ್ರಿ ಬಂದ್ರೆ ಅದು ಜ್ವರ ಬಂದಾಗ ಮಾತ್ರ ಕಣವ್ವ. ಅದೂ ಥರ್ಮಾಮೀಟರಲ್ಲಿ.”

ವಠಾರಕ್ಕೆ ವಠಾರವೇ ನಕ್ಕಿತು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಏನು ಮಾಡಲಿ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ಮಾತುಗಳೆಲ್ಲ ದೊಡ್ಡಪ್ಪನವೇ. ಕೆಟ್ಟವರಲ್ಲ. ಕಂಡದ್ದನ್ನು ಹೇಳಿದರು, ಅಷ್ಟೆ. ನಮ್ಮಲ್ಲಿ ಅದುವರೆಗೆ ಹತ್ತನೇ ತರಗತಿ ದಾಟಿದವರೇ ಇರಲಿಲ್ಲ. ಈಗ ಮಾತ್ರ ಯಾರಾದರೂ ನೆಂಟರು ಬಂದರೆ, “ನಾನು ಅವತ್ತೇ ಹೇಳಿದ್ದೆ, ಈ ಹುಡುಗಿ ಓದ್ತಾಳೆ ಅಂತ” ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ವಯಸ್ಸಾದವರಿಗೆ ತಮ್ಮ ಹಳೆಯ ಮಾತನ್ನು ಬದಲಾಯಿಸಿಕೊಳ್ಳುವ ಹಕ್ಕು ಇರಬೇಕು ಎಂದು ನನ್ನ ಅಭಿಪ್ರಾಯ.

ಇದೆಲ್ಲ ನೆನಪಾದದ್ದು ಮೊನ್ನೆ ಅತ್ತಿಗುಪ್ಪೆಯ ನಮ್ಮ ಆಫೀಸಿನಲ್ಲಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೀಟಿಂಗಿನಲ್ಲಿ, “ಮೊದ್ಲು ಲೋ ಹ್ಯಾಂಗಿಂಗ್ ಫ್ರೂಟ್ ನೋಡ್ಕೊಳ್ಳೋಣ ಮ್ಯಾಮ್” ಎಂದಳು. ಸುಲಭವಾಗಿ ಆಗುವ ಕೆಲಸ ಮೊದಲು ಮುಗಿಸೋಣ ಎಂದರ್ಥ. ನನ್ನ ಕೈ ನನ್ನನ್ನು ಕೇಳದೆ ಮೇಜಿನ ಮೇಲಿದ್ದ ಯಾವುದೋ ರಸೀದಿಯ ತುದಿಯನ್ನು ಹರಿದು, ಹಿಂಬದಿಯಲ್ಲಿ ಅದನ್ನು ಬರೆದು, ಮಡಚಿ, ಅಂಗೈಯಲ್ಲಿ ಬಚ್ಚಿಟ್ಟುಕೊಂಡಿತು. ಆ ಹುಡುಗಿ ನೋಡಿಬಿಟ್ಟಳು.

“ಯಾಕ್ ಮ್ಯಾಮ್ ಬರ್ಕೊಂಡ್ರಿ? ಏನಾದ್ರೂ ತಪ್ಪು ಹೇಳಿದ್ನಾ?”

“ಇಲ್ಲಮ್ಮ. ಕೈಗೆ ಅಭ್ಯಾಸ.”

ಅವಳಿಗೆ ಅಷ್ಟೇ ಹೇಳಿದೆ. ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ಅದಕ್ಕೆ ಮುಂಚೆ ಆ ಕೈಗೆಟುಕುವ ಹಣ್ಣಿನ ವಿಚಾರ. ನಮ್ಮ ವಠಾರದ ಹಿಂದೆ ಒಂದು ಸೀಬೆ ಮರ ಇತ್ತು. ಬ್ಯಾಡರಹಳ್ಳಿಯಲ್ಲಿ ಆಗ ಇನ್ನೂ ಲೇಔಟುಗಳು ಇಷ್ಟು ಒತ್ತೊತ್ತಾಗಿರಲಿಲ್ಲ, ಮರಕ್ಕೂ ಜಾಗ ಇತ್ತು. ಕೈಗೆ ಎಟುಕುವ ಎತ್ತರದಲ್ಲಿ ಒಂದು ಹಣ್ಣು ಕಂಡಿತೆಂದರೆ ಅದರರ್ಥ ಒಂದೇ: ವಠಾರದ ಎಲ್ಲ ಮಕ್ಕಳೂ ಅದನ್ನು ಒಮ್ಮೆ ಮುಟ್ಟಿ, ಮೂಸಿ, ಹುಳುಕೆಂದು ಬಿಟ್ಟಿದ್ದಾರೆ. ಒಳ್ಳೆಯ ಹಣ್ಣೆಲ್ಲ ಮೇಲೇ. ಹಾಗಾಗಿ ಇಂಗ್ಲಿಷಿನವರ ಈ ಮಾತು ಕೇಳಿದಾಗಲೆಲ್ಲ ನನಗೊಂದು ಸಂಶಯ. ಅವರ ಊರಿನ ಮಕ್ಕಳು ಏನು ಮಾಡುತ್ತಿದ್ದರು?

ಹೀಗೆ ಪ್ರತಿ ಮಾತಿನ ಒಳಗೂ ಹೋಗಿ ಕೂತುಬಿಡುವುದು ನನ್ನ ಹಳೆಯ ಕಾಯಿಲೆ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು ನುಡಿಗಟ್ಟುಗಳನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲಾಗಿ ಬರೆಸುತ್ತಿದ್ದರು, ಎಡಗಡೆ ಮಾತು, ಬಲಗಡೆ ಅರ್ಥ. ಪ್ರಶ್ನೆ ಕೇಳುವಂತಿಲ್ಲ. ‘ಕ್ರೊಕೊಡೈಲ್ ಟಿಯರ್ಸ್’ ಎಂದರೆ ಮೊಸಳೆ ಕಣ್ಣೀರು ಎಂದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಬಂದು ಹೂ ಕಟ್ಟುತ್ತಿದ್ದ ಅಮ್ಮನಿಗೆ, “ಅಮ್ಮ, ಇಂಗ್ಲಿಷ್ ನಮ್ಮದೇ ಕಣಮ್ಮ, ಸುಮ್ನೆ ಬೇರೆ ಥರ ಹೇಳ್ತಾರೆ” ಎಂದಿದ್ದೆ. ಅಮ್ಮ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ, “ಹಂಗಾದ್ರೆ ಬೇಗ ಕಲಿ” ಎಂದಿದ್ದಳು.

ಬೇಗ ಕಲಿಯಲಿಲ್ಲ. ಪಿಯುಸಿ ಹೇಗೋ ಆಯಿತು. ಆಮೇಲೆ ಕಾಮಾಕ್ಷಿಪಾಳ್ಯದ ಕಡೆಯ ಒಂದು ಗಾರ್ಮೆಂಟ್ಸಿಗೆ ಸೇರಿದೆ. ಶರ್ಟಿನ ತೋಳಿನ ತುದಿಗೆ ಪಟ್ಟಿ ಕೂರಿಸುವುದು ನನ್ನ ಕೆಲಸ. ಕಫ್ ಎನ್ನುತ್ತಾರೆ. ಗಾರ್ಮೆಂಟ್ಸಿನಲ್ಲಿ ಯಾರೂ ಶರ್ಟು ಹೊಲಿಯುವುದಿಲ್ಲ, ತಿಳಿದಿರಲಿ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು, ಮತ್ತೊಬ್ಬಳು ಕೆಳಗಿನ ಅಂಚು. ಏಳು ವರ್ಷ ಕಫ್ ಹೊಲಿದ ನನಗೆ ಇವತ್ತಿಗೂ ಒಂದು ಪೂರ್ತಿ ಶರ್ಟು ಹೊಲಿಯಲು ಬರುವುದಿಲ್ಲ. ನೆಂಟರು ಬ್ಲೌಸ್ ಪೀಸ್ ಹಿಡಿದುಕೊಂಡು ಬಂದಾಗ ಈ ಸತ್ಯವನ್ನು ಯಾರೂ ನಂಬುತ್ತಿರಲಿಲ್ಲ.

ಕೆಲಸದ ಜೊತೆಗೇ ಅಂಚೆಯ ಮೂಲಕ ಬಿ.ಎ.ಗೆ ಕಟ್ಟಿದೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಲ್ಲ ಒಂದೊಂದಾಗಿ ಪಾಸಾದವು. ಮೊದಲ ವರ್ಷದ ಇಂಗ್ಲಿಷ್ ಮಾತ್ರ ಹಿಂದೆಯೇ ಉಳಿಯಿತು. ಪಾಠ, ಪದ್ಯ, ಪತ್ರ ಬರೆಯುವುದು ಇವನ್ನೆಲ್ಲ ಉರು ಹೊಡೆದು ದಡದ ತನಕ ಬರುತ್ತಿದ್ದೆ. ಕೊನೆಯಲ್ಲಿ ಹತ್ತು ಅಂಕಕ್ಕೆ ಐದು ನುಡಿಗಟ್ಟು, ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ. ಅಲ್ಲಿ ಮುಳುಗುತ್ತಿದ್ದೆ.

ಮೊದಲ ಸಲ ನಾನು ಏನೇನು ಬರೆದೆನೆಂದು ಹೇಳಿದರೆ ನೀವು ನಗುತ್ತೀರಿ. ನಗಿ. ‘ಕೋಲ್ಡ್ ಫೀಟ್’ ಎಂದರೆ ಕೊನೆ ಗಳಿಗೆಯಲ್ಲಿ ಧೈರ್ಯ ಕೈಕೊಡುವುದು. ನಾನು, ಧನುರ್ಮಾಸದಲ್ಲಿ ಬೆಳಗ್ಗೆ ರಂಗೋಲಿ ಹಾಕುವ ಹೆಂಗಸರಿಗೆ ಬರುವ ತೊಂದರೆ ಎಂದು ಬರೆದಿದ್ದೆ. ‘ವೈಟ್ ಎಲಿಫೆಂಟ್’ ಎಂದರೆ ಸಾಕಲಾರದ ದುಬಾರಿ ಭಾರ. ನನ್ನ ಉತ್ತರದ ಪ್ರಕಾರ ಅದು ಬೇರೆ ದೇಶದ ದಸರೆಯಲ್ಲಿ ಅಂಬಾರಿ ಹೊರುವ ಆನೆ. ಜೋರು ಮಳೆಗೆ ನಾಯಿ ಬೆಕ್ಕು ಸುರಿಯಿತು ಎನ್ನುತ್ತಾರಲ್ಲ, ಅದಕ್ಕೆ, ಮಳೆ ಬಂದರೆ ಸುಂಕದಕಟ್ಟೆ ಬಸ್ ಸ್ಟಾಪಿನ ಒಳಗೆ ನಾಯಿ ಬೆಕ್ಕುಗಳು ಸೇರುತ್ತವೆ, ಮನುಷ್ಯರಿಗೆ ಜಾಗ ಸಿಗುವುದಿಲ್ಲ ಎಂದು ಬರೆದಿದ್ದೆ. ಇದು ಸುಳ್ಳಲ್ಲ. ಆದರೆ ಅಂಕ ಬರಲಿಲ್ಲ.

ಎರಡನೇ ಸಲ ಗೈಡಿನ ಪಟ್ಟಿಯನ್ನು ಅರೆದು ಕುಡಿದೆ. ಪರೀಕ್ಷೆಯಲ್ಲಿ ತಲೆಯೊಳಗಿನ ಪಟ್ಟಿ ಒಂದು ಸಾಲು ಜಾರಿತು. ಮೊದಲ ಗುಂಡಿ ತಪ್ಪಿದರೆ ಶರ್ಟಿನ ಗುಂಡಿಗಳೆಲ್ಲ ತಪ್ಪುತ್ತವಲ್ಲ, ಹಾಗೆ ಐದಕ್ಕೆ ಐದೂ ಪಕ್ಕದ ಮನೆಯ ಅರ್ಥಗಳು. ಮತ್ತೆ ಫೇಲು, ನಾಲ್ಕು ಅಂಕ ಕಡಿಮೆ.

ಇನ್ನು ಉಳಿದದ್ದು ಒಂದೇ ಅವಕಾಶ. ಡಿಗ್ರಿ ಮುಗಿಸಲು ಇಷ್ಟು ವರ್ಷ ಎಂದು ಇರುತ್ತದೆ. ಆ ಸಲ ದಾಟದಿದ್ದರೆ ಪಾಸಾದ ವಿಷಯಗಳೂ ಲೆಕ್ಕಕ್ಕಿಲ್ಲ, ಮೊದಲಿನಿಂದ ಸೇರಬೇಕು. ಮೊದಲಿನಿಂದ ಸೇರುವಷ್ಟು ಜೀವ ನನ್ನಲ್ಲಿ ಇರಲಿಲ್ಲ. ಅದು ನನಗೂ ಅಮ್ಮನಿಗೂ ಚೆನ್ನಾಗಿ ಗೊತ್ತಿತ್ತು.

ಆಗ ಶುರುವಾದದ್ದು ಚೀಟಿಯ ಕೆಲಸ.

ನಮ್ಮ ಲೈನಿನಲ್ಲಿ ಹೊಲಿಯುವಾಗ ಮಾತಾಡುವಂತಿರಲಿಲ್ಲ. ಸೂಪರ್‌ವೈಸರ್ ಪ್ರಕಾಶ್ ಸಾರ್ ತುಟಿ ಅಲ್ಲಾಡಿದರೂ ಬಂದು ನಿಲ್ಲುವವರು. ಆದರೆ ಬಟ್ಟೆ ಮಾತ್ರ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಲೇ ಇರುತ್ತದೆ. ಕತ್ತರಿಸಿದ ತುಂಡುಗಳು ಬಂಡಲ್ ಕಟ್ಟಿಕೊಂಡು ಬರುತ್ತವೆ. ನಾನು ಕಫ್ ಕೂರಿಸಿ ಹಿಂದಿನ ಮಷಿನ್ನಿನ ರತ್ನಳಿಗೆ ಕೊಡುತ್ತೇನೆ, ಅವಳು ಕೆಳ ಅಂಚು ಮಡಚಿ ಹೊಲಿದು ಮುಂದಕ್ಕೆ ಕೊಡುತ್ತಾಳೆ, ಕಾಜಾ ಗುಂಡಿ ಆದ ಮೇಲೆ ಎಲ್ಲವೂ ಚೆಕಿಂಗ್ ಟೇಬಲ್ಲಿನ ಶಿವಲಿಂಗಕ್ಕನನ್ನು ಸೇರುತ್ತವೆ. ಒಂದು ದಿನ ನಾನು ಕಟಿಂಗಿನಲ್ಲಿ ಉಳಿದ ಬಿಳಿ ಕಾಗದದ ಚೂರಿನ ಮೇಲೆ ‘ಸಿಟಿಂಗ್ ಆನ್ ದಿ ಫೆನ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ‘ಬೇಲಿ ಮೇಲೆ ಕೂರೋದು, ಯಾವ ಕಡೆಗೂ ಸೇರದೆ ಇರೋದು, ಅಂದ್ರೆ ಯಾರು?’ ಎಂದು ಸೇರಿಸಿ ಬಂಡಲ್ಲಿನ ದಾರದ ಕೆಳಗೆ ಸಿಕ್ಕಿಸಿ ಬಿಟ್ಟೆ. ಊಟದ ಹೊತ್ತಿಗೆ ಶಿವಲಿಂಗಕ್ಕ ಚೀಟಿಯನ್ನು ತಂದು ನನ್ನ ಮುಂದೆ ಇಟ್ಟಳು.

ಶಿವಲಿಂಗಕ್ಕ ಹಾವೇರಿ ಕಡೆಯವಳು. ಲೈನಿಗೆಲ್ಲ ಹಿರಿಯಳು.

“ಇದು ನನ್ನ ಮೈದುನ ನೋಡವಾ,” ಎಂದಳು. “ಆಸ್ತಿ ಪಾಲಾಗುಮುಂದ ಆ ಕಡೀಗೂ ಹೌದಂದ, ಈ ಕಡೀಗೂ ಹೌದಂದ. ಎರಡೂ ಮನ್ಯಾಗ ಹೋಳಿಗಿ ಉಂಡ.”

ರತ್ನ ರೊಟ್ಟಿ ಡಬ್ಬಿಗೆ ಕೈ ಹಾಕುತ್ತಾ, “ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡೋದು ಅಂತೀವಲ್ಲ ಕಣೇ, ಅದೇ ಇದು. ಇದಕ್ಯಾಕೆ ಎರಡು ಸಲ ಫೇಲಾದೆ ನೀನು?” ಎಂದಳು.

ನನಗೆ ಅವಮಾನವೂ ಆಯಿತು, ಬೆಳಕೂ ಆಯಿತು. ಗೈಡು ತೆಗೆದು ಇನ್ನೊಂದರ ಅರ್ಥ ಓದಲು ಹೋದೆ. ಶಿವಲಿಂಗಕ್ಕ ಪುಸ್ತಕದ ಮೇಲೆ ಕೈಯಿಟ್ಟಳು.

“ಅರ್ಥ ಗಿರ್ಥ ಆಮ್ಯಾಲೆ. ಯಾರು, ಯಾರಿಗೆ, ಯಾವಾಗ ಅಂತಾರ, ಅದನ್ನ ಹೇಳು ಮೊದ್ಲು. ಗಾದಿ ಮಾತು ಮಂದಿ ಬಾಯಾಗ ಇರ್ತದ, ಬುಕ್ಕಿನಾಗ ಅಲ್ಲ.”

ಇಷ್ಟು ವರ್ಷ ಯಾವ ಮೇಷ್ಟ್ರೂ ಹೇಳಿಕೊಡದ ಪಾಠ ಅದು. ಅವತ್ತಿನಿಂದ ಪ್ರತಿ ನುಡಿಗಟ್ಟಿಗೂ ನಮ್ಮ ಲೈನಿನಲ್ಲಿ ಒಂದು ಮುಖ ಹುಟ್ಟಿಕೊಂಡಿತು. ದಿನಕ್ಕೆ ನಾಲ್ಕು ಚೀಟಿ ಹೋಗುತ್ತಿದ್ದವು, ಊಟಕ್ಕೆ ಎರಡು, ಟೀಗೆ ಎರಡು ಉತ್ತರದ ಜೊತೆ ಬರುತ್ತಿದ್ದವು. ಬಟ್ಟೆ ಇದ್ದಷ್ಟೇ ಕೋಟು ಕತ್ತರಿಸು ಎಂದು ಅವರು ಹೇಳುವುದಕ್ಕೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಯಾರೋ ಬರೆದಿದ್ದರು. ಮೊಟ್ಟೆ ಒಡೆಯುವ ಮುಂಚೆ ಕೋಳಿಮರಿ ಎಣಿಸಬೇಡ ಎಂಬುದಕ್ಕೆ ‘ಕೂಸು ಹುಟ್ಟೋ ಮುಂಚೆ ಕುಲಾವಿ’, ಅದರ ಪಕ್ಕದಲ್ಲೇ ಚಿಕ್ಕದಾಗಿ ‘ನಮ್ಮತ್ತೆ’. ‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಅಪರೂಪಕ್ಕೊಮ್ಮೆ. ಅದಕ್ಕೆ ಒಪ್ಪುವುದು ‘ಹುಣ್ಣಿಮೆಗೊಂದು ಅಮಾವಾಸ್ಯೆಗೊಂದು ಸಲ’ ಎಂದು ತೀರ್ಮಾನವಾಯಿತು. ಆದರೆ ಅವರ ನೀಲಿ ಚಂದ್ರ ವರ್ಷಗಟ್ಟಲೆ ಬರುವುದಿಲ್ಲವಂತೆ, ನಮ್ಮದು ತಿಂಗಳಿಗೆ ಎರಡು ಸಲ. ಕಾಯುವುದರಲ್ಲಿ ಅವರೇ ವಾಸಿ.

ಒಂದೊಂದಕ್ಕೆ ಜಗಳವೇ ಆಗುತ್ತಿತ್ತು. ಚೆಲ್ಲಿದ ಹಾಲಿಗೆ ಅಳಬೇಡ ಎಂಬ ಮಾತನ್ನು ಲೈನು ಒಪ್ಪಲೇ ಇಲ್ಲ. “ಅದನ್ನ ಹೇಳ್ದೋನ ಮನೇಲಿ ಹಸು ಇತ್ತು ಅನ್ಸುತ್ತೆ,” ಎಂದಳು ರತ್ನ. “ನಾವು ಪ್ಯಾಕೆಟ್ ಹಾಲಿನೋರು. ಅಳ್ತೀವಪ್ಪ.” ‘ಟರ್ನ್ ಓವರ್ ಎ ನ್ಯೂ ಲೀಫ್’ ಬಂದ ದಿನ ಶಿವಲಿಂಗಕ್ಕ ಸಿಟ್ಟಾದಳು. ಊಟದ ಎಲೆ ತಿರುವಿ ಹಾಕುವ ಮನೆಯಲ್ಲಿ ಶುಭ ಎಲ್ಲಿಂದ ಬರಬೇಕು ಎಂದು ಅವಳ ವಾದ. ಲೀಫ್ ಎಂದರೆ ಪುಸ್ತಕದ ಹಾಳೆಯೂ ಹೌದು ಅಕ್ಕ, ಹಳೇದು ಬಿಟ್ಟು ಹೊಸ ಹಾಳೆಯಿಂದ ಶುರು ಮಾಡೋದು ಎಂದು ಸಮಾಧಾನ ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು. ಆ ನುಡಿಗಟ್ಟನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಉತ್ತರ ಬರೆದ ಚೀಟಿಗಳನ್ನೆಲ್ಲ ಶಿವಲಿಂಗಕ್ಕ ಒಂದು ಖಾಲಿ ಗುಂಡಿಯ ಡಬ್ಬಿಯಲ್ಲಿ ಹಾಕಿ ಚೆಕಿಂಗ್ ಟೇಬಲ್ಲಿನ ಕೆಳಗೆ ಇಟ್ಟಿದ್ದಳು.

ಪರೀಕ್ಷೆ ಗುರುವಾರ. ರಜೆ ಕೇಳಿ ಅರ್ಜಿ ಕೊಟ್ಟಿದ್ದೆ, ಒಪ್ಪಿಗೆ ಬಂದಿರಲಿಲ್ಲ. ಮಾಲು ಹಡಗಿಗೆ ಹೋಗುವ ವಾರ, ಯಾರಿಗೂ ರಜೆ ಇಲ್ಲ ಎಂದಿದ್ದರು ಪ್ರಕಾಶ್ ಸಾರ್. ಅದರ ಮುಂಚಿನ ಶುಕ್ರವಾರ ಶರ್ಟು ಕೊಳ್ಳುವ ಕಂಪನಿಯ ಕಡೆಯಿಂದ ಮಾಲು ನೋಡಲು ಒಬ್ಬರು ಸಾಹೇಬರು ಬಂದರು. ಉತ್ತರ ಭಾರತದ ಕಡೆಯವರು, ವಯಸ್ಸಾದವರು, ಕನ್ನಡ ಬಾರದು. ಪ್ಯಾಕ್ ಮಾಡಿದ ಬಾಕ್ಸುಗಳಲ್ಲಿ ಯಾವುದೋ ಒಂದನ್ನು ತೋರಿಸಿ ಬಿಚ್ಚಿಸಿದರು. ಯಾವುದೋ ಒಂದು ಶರ್ಟು ತೆಗೆದರು. ಹೊಲಿಗೆ ಎಳೆದು ನೋಡಿ, ಕೊನೆಗೆ ಜೇಬಿನೊಳಗೆ ಎರಡು ಬೆರಳು ಇಳಿಸಿದರು. ಒಳಗೆ ದಾರದ ತುಂಡು ಉಳಿದಿದೆಯೇ ಎಂದು ಹಾಗೆ ನೋಡುವುದು ಅವರ ಪದ್ಧತಿ.

ಬಂದದ್ದು ಚೀಟಿ.

ಆದದ್ದು ಇಷ್ಟು. ಹಿಂದಿನ ದಿನ ರತ್ನ ಉತ್ತರ ಬರೆಯುತ್ತಿದ್ದಾಗ ಪ್ರಕಾಶ್ ಸಾರ್ ಬಂದಿದ್ದಾರೆ. ಗಾಬರಿಯಲ್ಲಿ ಅವಳು ಕೈಯಲ್ಲಿದ್ದ ಶರ್ಟಿನ ಜೇಬಿಗೇ ತುರುಕಿ ಮರೆತಿದ್ದಾಳೆ. ಆಮೇಲೆ ಅದು ಇಸ್ತ್ರಿಯಾಗಿ, ಮಡಚಿ, ಪ್ಲಾಸ್ಟಿಕ್ ಕವರಿಗೆ ಸೇರಿ ವಿದೇಶಕ್ಕೆ ಹೊರಡಲು ಸಿದ್ಧವಾಗಿ ಕೂತಿದೆ.

ಎಲ್ಲ ಬಿಟ್ಟು ಅವತ್ತಿನ ಚೀಟಿಯಲ್ಲಿ ಇದ್ದದ್ದು ‘ಬರ್ನಿಂಗ್ ದಿ ಕ್ಯಾಂಡಲ್ ಅಟ್ ಬೋತ್ ಎಂಡ್ಸ್’. ಮೇಣದಬತ್ತಿಯನ್ನು ಎರಡೂ ತುದಿಯಿಂದ ಉರಿಸುವುದು. ಬೆಳಗ್ಗೆಯಿಂದ ರಾತ್ರಿಯವರೆಗೆ ಮೈ ಸವೆಯುವಂತೆ ದುಡಿಯುವುದಕ್ಕೆ ಹಾಗೆ ಹೇಳುತ್ತಾರೆ. ಸಾಹೇಬರ ಮುಖ ಗಂಭೀರವಾಯಿತು. ಹೊರದೇಶಕ್ಕೆ ಹೋಗುವ ಬಟ್ಟೆಯಲ್ಲಿ ಕೈಬರಹದ ಇಂಥ ಚೀಟಿ ಸಿಕ್ಕರೆ ಯಾರೋ ಕಷ್ಟ ತೋಡಿಕೊಂಡಿದ್ದಾರೆ ಎಂದೇ ತಿಳಿಯುತ್ತಾರೆ. ನಮ್ಮ ಲೈನನ್ನು ಪೂರ್ತಿ ಪ್ಯಾಕಿಂಗ್ ಟೇಬಲ್ಲಿನ ಹತ್ತಿರ ಕರೆಸಿದರು.

“ಕೆಳಗೆ ನಿಮ್ಮ ಭಾಷೆಯಲ್ಲಿ ಏನು ಬರೆದಿದೆ?” ಎಂದು ಪ್ರಕಾಶ್ ಸಾರನ್ನು ಇಂಗ್ಲಿಷಿನಲ್ಲಿ ಕೇಳಿದರು.

ಪ್ರಕಾಶ್ ಸಾರ್ ಚೀಟಿ ನೋಡಿದರು. ಅವರ ಕುತ್ತಿಗೆಯ ಮೇಲೆ ಬೆವರು. ರತ್ನ ಬರೆದಿದ್ದು ಇದು: ‘ಗಾಣದ ಎತ್ತು. ಅಂದ್ರೆ ನಾವೇ ಕಣೇ.’

“ಆಕ್ಸ್, ಸಾರ್,” ಎಂದರು.

“ಆಕ್ಸ್?”

“ಯೆಸ್ ಸಾರ್. ಆಯಿಲ್ ಮಿಲ್ ಆಕ್ಸ್. ರೌಂಡ್ ರೌಂಡ್ ಗೋಯಿಂಗ್.” ಸುಳ್ಳು ಹೇಳಲಾರದೆ, “ದಿಸ್ ಆಕ್ಸ್ ಈಸ್ ಅಸ್ ಓನ್ಲಿ ಸಾರ್,” ಎಂದರು.

ಈಗ ನೆನೆಸಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅವತ್ತು ಯಾರೂ ನಗಲಿಲ್ಲ. ಇದನ್ನು ಬರೆದವರು ಯಾರು ಎಂದು ಸಾಹೇಬರು ಕೇಳಿದರು. ರತ್ನಳ ಮುಖ ಬಿಳಿಚಿಕೊಂಡಿತ್ತು. ನನ್ನ ತಲೆಯಲ್ಲಿ ಇದ್ದದ್ದು ಗುರುವಾರ ಒಂದೇ. ಒಪ್ಪಿಕೊಂಡರೆ ಕೆಲಸ ಹೋಗಬಹುದು, ಕೆಲಸ ಉಳಿದರೂ ರಜೆಯಂತೂ ಸಿಗದು, ರಜೆ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೆ ಅಕ್ಷರ ನೋಡಿ ರತ್ನಳನ್ನು ಹಿಡಿಯುತ್ತಾರೆ. ಅವಳಿಗೆ ಈ ಡಿಗ್ರಿಯಿಂದ ಏನೂ ಬರುವುದಿರಲಿಲ್ಲ. ನನಗಾಗಿ ಬರೆದವಳು.

‘ಕೋಲ್ಡ್ ಫೀಟ್’ ಎಂದರೆ ಏನೆಂದು ನನಗೆ ಅವತ್ತು ಪಾದದಿಂದಲೇ ತಿಳಿಯಿತು.

“ಮೀ ಸಾರ್,” ಎಂದೆ. ಆ ಕಟ್ಟಡದಲ್ಲಿ ನಾನು ಜೋರಾಗಿ ಆಡಿದ ಮೊದಲ ಇಂಗ್ಲಿಷು. “ನಾಟ್ ಕಂಪ್ಲೇಂಟ್. ಮೈ ಎಕ್ಸಾಮ್. ಬಿ.ಎ., ಇಂಗ್ಲಿಷ್ ಪೇಪರ್. ಟೂ ಟೈಮ್ಸ್ ಫೇಲ್. ದೀಸ್ ಪೀಪಲ್ ಮೈ ಟೀಚರ್ಸ್.”

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಹಾಗಾದರೆ ಇದರ ಅರ್ಥ ಹೇಳು ಎಂದರು.

ಗೈಡಿನ ಸಾಲು ನೆನಪಾಗಲಿಲ್ಲ. ಶಿವಲಿಂಗಕ್ಕನ ಪಾಠ ನೆನಪಾಯಿತು: ಯಾರು, ಯಾರಿಗೆ, ಯಾವಾಗ. ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಸಾರ್, ಇದನ್ನು ತಾಯಿ ಮಗಳಿಗೆ ಹೇಳುತ್ತಾಳೆ. ಮಗಳು ಹಗಲೆಲ್ಲ ಮಷಿನ್ ಮುಂದೆ, ಮನೆಗೆ ಬಂದರೆ ಪುಸ್ತಕದ ಮುಂದೆ. ತಾಯಿ ತಟ್ಟೆ ಇಟ್ಟು, ಹೀಗೆ ಎರಡೂ ಕಡೆ ಉರಿಯಬೇಡ ಮಗಳೇ, ಬೇಗ ಮುಗಿದುಹೋಗ್ತೀಯ ಎನ್ನುತ್ತಾಳೆ.

ಆಗ ಶಿವಲಿಂಗಕ್ಕ ತನ್ನ ಗುಂಡಿ ಡಬ್ಬಿಯನ್ನು ತಂದು ಸಾಹೇಬರ ಮುಂದೆ ಮೇಜಿನ ಮೇಲೆ ಬೋರಲು ಹಾಕಿಬಿಟ್ಟಳು. “ಇನ್ನೂ ಭಾಳ ಅದಾವ್ರಿ ಸಾಹೇಬ್ರ. ಎಲ್ಲಾ ಓದ್ರಿ,”  ಎಂದಳು, ಅವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ.

ಅವರು ಒಂದೊಂದಾಗಿ ಬಿಡಿಸಿ ಇಂಗ್ಲಿಷ್ ಸಾಲು ಓದಿದರು. ಹತ್ತಾರು ಕೈಗಳ ಬರಹ. ಒಂದನ್ನು ಎತ್ತಿ ಹಿಡಿದು, “ಸಿಟಿಂಗ್ ಆನ್ ದಿ ಫೆನ್ಸ್?” ಎಂದರು.

“ಹರ್ ಹಸ್‌ಬೆಂಡ್ಸ್ ಬ್ರದರ್, ಸಾರ್,” ಎಂದು ಶಿವಲಿಂಗಕ್ಕನನ್ನು ತೋರಿಸಿದೆ.

ಮನುಷ್ಯ ನಕ್ಕುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹಾಗೆಂದು ಬಿಟ್ಟರೆಂದು ತಿಳಿಯಬೇಡಿ, ಅವರು ಕೆಲಸದಲ್ಲಿ ಕಟ್ಟುನಿಟ್ಟು. ಅಷ್ಟೂ ಬಾಕ್ಸು ಮತ್ತೆ ಬಿಚ್ಚಬೇಕು, ಪ್ರತಿ ಶರ್ಟಿನ ಜೇಬೂ ನೋಡಬೇಕು ಎಂದು ಬರೆದರು. ಹೊರಡುವಾಗ ಮಾತ್ರ ನನ್ನ ಕಡೆ ತಿರುಗಿ ಪರೀಕ್ಷೆ ಯಾವತ್ತು ಎಂದು ಕೇಳಿದರು. ಥರ್ಸ್‌ಡೇ ಎಂದೆ. “ಗಿವ್ ಹರ್ ಥರ್ಸ್‌ಡೇ,” ಎಂದು ಮ್ಯಾನೇಜರಿಗೆ ಹೇಳಿ ಮೆಟ್ಟಿಲಿಳಿದರು.

ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಅದರ ಜೊತೆಗೇ ಗುರುವಾರದ ರಜೆಯೂ ಬಂತು. ಪ್ರಕಾಶ್ ಸಾರ್ ಲೈನಿಗೆಲ್ಲ ಕೇಳುವಂತೆ ಕೂಗಿದರು: “ಇನ್ಮೇಲೆ ಚೀಟಿ ಗೀಟಿ ಏನೂ ಇಲ್ಲ! ಏನಿದ್ರೂ ಬಾಯಲ್ಲೇ ಮಾತಾಡ್ಕೊಳ್ಳಿ!” ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ಹೊಳೆಯಿತು. ಅಷ್ಟರಲ್ಲಿ ಲೈನು ಮಾತು ಶುರು ಮಾಡಿಯಾಗಿತ್ತು.

ಭಾನುವಾರ ಬೆಳಗ್ಗೆ ಬಾಕ್ಸು ಬಿಚ್ಚಲು ನಾನೊಬ್ಬಳೇ ಹೋಗುವುದೆಂದು ಹೊರಟೆ, ತಪ್ಪು ನನ್ನದೇ ಅಲ್ಲವೇ. ಗೇಟಿನ ಮುಂದೆ ನೋಡಿದರೆ ರತ್ನ ಕೆಂಗೇರಿಯಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬಂದು ನಿಂತಿದ್ದಾಳೆ. ಶಿವಲಿಂಗಕ್ಕ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಾಳೆ. ಹಿಂದೆ ಇನ್ನೂ ಹತ್ತು ಹನ್ನೆರಡು ಜನ. ಕಾರ್ಖಾನೆಯಲ್ಲಿ ಮಷಿನ್ ಸದ್ದಿಲ್ಲದ ದಿನವನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ. ಒಬ್ಬಳು ಬಾಕ್ಸು ಬಿಚ್ಚುವುದು, ಒಬ್ಬಳು ಜೇಬು ನೋಡುವುದು, ಒಬ್ಬಳು ಮಡಚುವುದು, ಪ್ರತಿ ಬಾಕ್ಸಿಗೆ ಒಂದು ನುಡಿಗಟ್ಟು ನನ್ನ ಕಡೆ ಎಸೆಯುವುದು. ಉತ್ತರ ತಪ್ಪಿದರೆ ಮುಂದಿನ ಬಾಕ್ಸನ್ನು ನಾನೇ ಹೊತ್ತು ತರಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆನ್ನು ಬಿದ್ದುಹೋಗಿತ್ತು, ಪಟ್ಟಿ ಮಾತ್ರ ಗಟ್ಟಿಯಾಗಿತ್ತು. ಇನ್ನೂ ಎರಡು ಜೇಬಿನಲ್ಲಿ ಎರಡು ಚೀಟಿ ಸಿಕ್ಕವು. ಅಲ್ಲಿಗೆ ಸಾಹೇಬರು ಕಟ್ಟುನಿಟ್ಟು ಮಾಡಿದ್ದು ನ್ಯಾಯವೇ ಎಂದು ಎಲ್ಲರೂ ಒಪ್ಪಿದೆವು.

ಗುರುವಾರ ರಾಜಾಜಿನಗರದ ಒಂದು ಕಾಲೇಜಿನಲ್ಲಿ ಪರೀಕ್ಷೆ. ಐದು ನುಡಿಗಟ್ಟಿನಲ್ಲಿ ಮೂರು ಗೊತ್ತಿದ್ದವು. ಒಂದನ್ನು ಅಂದಾಜಿನಲ್ಲಿ ಬರೆದೆ. ಒಂದಕ್ಕೆ ಯಾರು ಯಾರಿಗೆ ಹೇಳುತ್ತಾರೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ, ಖಾಲಿ ಬಿಟ್ಟೆ. ಗೊತ್ತಿಲ್ಲದ್ದನ್ನು ಖಾಲಿ ಬಿಡುವ ಧೈರ್ಯ ಬಂದದ್ದೂ ಓದಿನ ಒಂದು ಭಾಗ ಎಂದು ನನ್ನ ನಂಬಿಕೆ. ಸ್ವಂತ ವಾಕ್ಯಗಳಲ್ಲಿ ನಮ್ಮ ಲೈನಿನವರೆಲ್ಲ ಬಂದರು. ಅಂಕ ಹಾಕಿದವರಿಗೆ, ಯಾರಪ್ಪ ಈ ಮೈದುನ, ಎರಡು ಮನೆಯಲ್ಲಿ ಹೋಳಿಗೆ ತಿಂದವನು ಎಂದು ಅನ್ನಿಸಿರಬೇಕು.

ಪಾಸಾದೆ. ಬೇಕಾದದ್ದಕ್ಕಿಂತ ಏಳು ಅಂಕ ಹೆಚ್ಚು. ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಿದ್ದು ಟೀ ಸಮಯದಲ್ಲಿ, ಮಷಿನ್ ಪಕ್ಕದಲ್ಲಿ ನಿಂತು. ನನಗಿಂತ ಮೊದಲು ಅತ್ತವಳು ರತ್ನ. “ಮುಂದಿನ ಸಲ ನಾನು ಕಟ್ತೀನಿ ಕಣೇ ಪಿಯುಸಿಗೆ, ನೀನು ಚೀಟಿ ಕಳ್ಸು” ಎಂದಳು. ಕಟ್ಟಿದಳು ಕೂಡ. ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ನಾನು ಗಾರ್ಮೆಂಟ್ಸ್ ಬಿಟ್ಟು ಅತ್ತಿಗುಪ್ಪೆಯ ಆಫೀಸಿಗೆ ಸೇರಿದ್ದೇನೆ, ಹಾಗಾಗಿ ಕಳಿಸುವುದು ಚೀಟಿಯಲ್ಲ, ವಾಟ್ಸಾಪ್ ಮೆಸೇಜು.

ಸರ್ಟಿಫಿಕೇಟ್ ಬರಲು ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ಬಂದಿದೆ ಎಂದು ವಿಜಯನಗರದ ಅಧ್ಯಯನ ಕೇಂದ್ರದಿಂದ ಫೋನು ಬಂದ ದಿನ ಅಮ್ಮನನ್ನೂ ಕರೆದುಕೊಂಡು ಹೋದೆ. ಅವಳು ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ವೇದಿಕೆ, ಗೌನು, ಟೋಪಿ ಏನೂ ಇಲ್ಲ. ಒಂದು ಕಿಟಕಿ, ಅದರಾಚೆ ಒಬ್ಬ ಗುಮಾಸ್ತರು. ಹೆಸರು ಕೇಳಿದರು, ಗುರುತಿನ ಚೀಟಿ ನೋಡಿದರು, ದಪ್ಪ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಆಮೇಲೆ ಕಿಟಕಿಯ ಕೆಳಗಿನಿಂದ ಗಟ್ಟಿ ಕಾಗದವೊಂದನ್ನು ತಳ್ಳಿದರು. “ಹೆಸರು ಸರಿಯಾಗಿದೆಯಾ ನೋಡ್ಕೊಳಿ ಮೇಡಮ್,” ಎಂದರು. ಮೇಡಮ್ ಎಂದರು.

ಹೆಸರು ಸರಿಯಾಗಿತ್ತು. ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಹೊರಗೆ ಬೆಂಚಿನ ಮೇಲೆ ಕೂತು, ಓದಲು ಬಾರದಿದ್ದರೂ, ಮೇಲಿನಿಂದ ಕೆಳಗೆ ಪ್ರತಿ ಸಾಲನ್ನೂ ನಿಧಾನವಾಗಿ ನೋಡಿದಳು.

“ಮುಂದಿನ ರಸ್ತೇಲೇ ಫ್ರೇಮ್ ಹಾಕೋ ಅಂಗಡಿ ಇದೆಯಮ್ಮ,” ಎಂದೆ. “ಹೋಗ್ತಾ ಗಾಜು ಹಾಕಿಸ್ಕೊಂಡು ಹೋಗೋಣ. ಗೋಡೆಗೆ ಹಾಕೋಣ.”

ಅಮ್ಮ ತಲೆಯಾಡಿಸಿದಳು.

“ಗೋಡೆಗೆ ಬೇಡ ಕಣೇ ಮಂಜುಳಾ. ಫೋಟೋ ಆಗಿ ನಮ್ಮನೆ ಗೋಡೆ ಹತ್ತಿದೋರೆಲ್ಲ ಹೋದೋರೇ. ಇದು ಕೆಳಗೇ ಇರ್ಲಿ, ವಠಾರದ ಮಕ್ಕಳ ಕೈಗೆ ಸಿಗೋ ಹಂಗೆ. ಮುಟ್ಟಿ ನೋಡ್ಲಿ.”